ಅಮಾವಾಸ್ಯೆಯ ಹ್ಯಾಂಡಲ್

ಮಧುಗಿರಿಯಲ್ಲಿ ಹಳೇ ಕಾರುಗಳ ಸಂಘ ಕಟ್ಟಲು ಹೊರಟಾಗ ನಾವಿದ್ದದ್ದು ಮೂವರೇ. ಜಂಬ ಮಾತ್ರ ಮೂವತ್ತು ಜನರಿಗಾಗುವಷ್ಟಿತ್ತು. ಸದಸ್ಯರಿಗೆ ಕಾರು ಓಡಿಸಲು ಬರಲೇಬೇಕು ಎಂದು ನಾನು ಮೊದಲ ನಿಯಮವನ್ನೂ ಬರೆದುಬಿಟ್ಟಿದ್ದೆ.

ಪುರವರದ ಹತ್ತಿರ ಒಂದು ಅಂಬಾಸಿಡರ್ ಇದೆಯೆಂದು ಕೇಳಿ ನೋಡಲು ಹೋದೆವು. ಅಂದು ಅಮಾವಾಸ್ಯೆ. ಟ್ಯಾಕ್ಸಿ ಓಡಿಸುತ್ತಿದ್ದ ಯಜಮಾನರು ತೀರಿಕೊಂಡ ಮೇಲೆ ಕಾರು ಕೊಟ್ಟಿಗೆ ಬಿಟ್ಟು ಕದಲಿಲ್ಲವಂತೆ. ಅವರ ಹೆಂಡತಿ, ಎಪ್ಪತ್ತು ದಾಟಿದ ಅಜ್ಜಿ, ಅದನ್ನು ತೊಳೆದು ಕುಂಕುಮವಿಟ್ಟು ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು.

"ಎಂಜಿನ್ ತುಕ್ಕು ಹಿಡಿದಿರುತ್ತೆ ಬಿಡಿ," ಎಂದೆ, ಎಲ್ಲ ತಿಳಿದವನಂತೆ.

ಅಜ್ಜಿ ಕಾರಿನೊಳಗೆ ಕೈ ಚಾಚಿ ಕೀ ತಿರುಗಿಸಿದರು. ಎಂಜಿನ್ನನ್ನು ಕೈಯಿಂದ ತಿರುಗಿಸುವ ಕಬ್ಬಿಣದ ಹ್ಯಾಂಡಲನ್ನು ಮುಂದಿನ ತೂತಿಗೆ ತೂರಿಸಿ, ಸೆರಗು ಸಿಕ್ಕಿಸಿ, ಒಂದೇ ಸಲ ಮೇಲಕ್ಕೆಳೆದರು. ಕಾರು ಗುಡುಗಿತು. ಕಟ್ಟಿದ್ದ ಹಸು ತಲೆಯನ್ನೂ ಎತ್ತಲಿಲ್ಲ.

"ಪ್ರತಿ ಅಮಾಸೆಗೂ ಇಂಗೇ ಎಬ್ಬಿಸ್ತೀನಿ ಕಣಪ್ಪ. ಓಡ್ಸಾಕೆ ನಂಗೆ ಬರಾಕಿಲ್ಲ," ಎಂದರು.

ನಾನೂ ನೋಡಿಯೇಬಿಡೋಣವೆಂದು ಎಂಜಿನ್ ನಿಲ್ಲಿಸಿ, ಕೀ ಮತ್ತೆ ತಿರುಗಿಸಿ ಹ್ಯಾಂಡಲ್ ಹಿಡಿದೆ. ಅಜ್ಜಿ ಫಟ್ಟನೆ ಕೈಮೇಲೆ ಹೊಡೆದರು. "ಹೆಬ್ಬೆಟ್ಟು ಸುತ್ತಿ ಹಿಡೀಬ್ಯಾಡ ಕಣ್ಲಾ! ಎಂಜಿನ್ ತಿರುಗಿ ಒದ್ರೆ ಮುರ್ದೋಯ್ತದೆ."

ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೆ ಸರಿಸಿ ಎಳೆದೆ. ಮೂರು ಸಲ ಎಳೆದರೂ ಅದು ಕೆಮ್ಮಲೂ ಇಲ್ಲ. ಅಜ್ಜಿ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ಮತ್ತೆ ಒಂದೇ ಎಳೆತಕ್ಕೆ ಎಬ್ಬಿಸಿದರು.

ಮನೆಗೆ ಬಂದು ಮೊದಲ ನಿಯಮವನ್ನು ಹೊಡೆದುಹಾಕಿದೆ. ಸದಸ್ಯರ ಪಟ್ಟಿಯ ಮೇಲ್ತುದಿಯಲ್ಲಿ ನನ್ನ ಹೆಸರಿತ್ತು. ಅದನ್ನೂ ಹೊಡೆದು ಅಲ್ಲಿ ಅಜ್ಜಿಯ ಹೆಸರು ಬರೆದೆ.