ಬೊಂಬೆ ಕಡೆಯುವ ಕೈಯಲ್ಲಿ ಪ್ರೊಪೆಲ್ಲರ್

ಊರು ಇನ್ನೂ ಪೂರ್ತಿ ಎದ್ದಿಲ್ಲ. ಚನ್ನಪಟ್ಟಣದ ಓಣಿಯೊಂದರ ಶೀಟಿನ ಮನೆಯ ಮುಂದೆ ಮಮತಾ ಆಗಲೇ ಕೆಲಸಕ್ಕೆ ಕೂತಿದ್ದಾರೆ. ಎದುರಿಗಿರುವುದು ಬುಗುರಿಯಲ್ಲ, ಗಿಲಕಿಯಲ್ಲ. ನಿಲ್ಲಿಸಿದರೆ ಎದೆಮಟ್ಟ ಬರುವ ಮರದ ಪ್ರೊಪೆಲ್ಲರ್. ಪುಟ್ಟ ವಿಮಾನವನ್ನು ಗಾಳಿಯಲ್ಲಿ ತಳ್ಳುವ ಎರಡಲಗಿನ ಫ್ಯಾನು. ನಡುವಿನ ತೂತಿಗೆ ಸರಳು ತೂರಿಸಿ, ಎರಡು ಸ್ಟೂಲುಗಳ ಮೇಲೆ ಅಡ್ಡ ಇಟ್ಟು, ಕೈಬಿಟ್ಟು ನೋಡುತ್ತಾರೆ. ಒಂದು ಅಲಗು ಮೆಲ್ಲಗೆ ಕೆಳಗಿಳಿಯುತ್ತದೆ. ಅದರ ತುದಿಯನ್ನು ಉಪ್ಪುಕಾಗದದಲ್ಲಿ ಒಂದಿಷ್ಟು ಉಜ್ಜಿ ಮತ್ತೆ ಬಿಡುತ್ತಾರೆ. ಈಗ ನಿಂತಲ್ಲೇ ನಿಲ್ಲುತ್ತದೆ.

"ತಕ್ಕಡಿ ಮುಳ್ಳು ನಿಂತಂಗೆ ನಿಲ್ಬೇಕು. ಒಸಿ ವಾಲಿದ್ರೂ ಮೇಲೆ ಹೋದೋರ್ ಕತೆ ಮುಗೀತು," ಎನ್ನುತ್ತಾರೆ ಮಮತಾ.

ಅವರ ತಂದೆ ಗಂಗಹನುಮಯ್ಯ ಲೇತಿನ ಮುಂದೆ ಬೊಂಬೆ ಕಡೆದೇ ಆಯಸ್ಸು ಸವೆಸಿದವರು. ಅಪ್ಪನ ಕಣ್ಣು ಮಂಜಾದ ಮೇಲೆ ಉಳಿ ಮಗಳ ಕೈಗೆ ಬಂತು. ಹೆಣ್ಣುಮಕ್ಕಳು ಬಣ್ಣ ಹಚ್ಚಲಿ, ಲೇತು ಗಂಡಸರಿಗಿರಲಿ ಎಂದವರ ಮಾತನ್ನು ಮಮತಾ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟರು. ಕೈತುಂಬ ಕೆಲಸವಿದ್ದ ದಿನ ನೂರಾರು ಬುಗುರಿ ಇಳಿಯುತ್ತವೆ. ಪ್ಲಾಸ್ಟಿಕ್ ಆಟಿಕೆಗಳ ಕಾಟದಿಂದ ಲೇತು ಸುಮ್ಮನೆ ಕೂತ ದಿನಗಳೂ ಉಂಟು.

ಅಂಥದೊಂದು ಬಿಡುವಿನ ದಿನ ಬಂದವನು ಶಶಾಂಕ್. ಬಿಡದಿಯ ಕಾರ್ಖಾನೆಯಲ್ಲಿ ಕೆಲಸ. ಭಾನುವಾರ ಗುಡೇಮಾರನಹಳ್ಳಿ ಹತ್ತಿರದ ಬಯಲಿನಲ್ಲಿ ಬಟ್ಟೆ ರೆಕ್ಕೆಯ, ಇಬ್ಬರು ಕೂರುವ ಪುಟ್ಟ ವಿಮಾನ ಹಾರಿಸುವ ಹುಚ್ಚು. ನೆಲಕ್ಕಿಳಿಯುವಾಗ ಅದರ ಪ್ರೊಪೆಲ್ಲರ್ ಮುರಿದಿತ್ತು. ರಾಮನಗರದಲ್ಲಿ ಹಳೆ ಸಾಮಾನು ಮಾರುವ ತಾಜ್ ಪಾಷಾ ಬಳಿ ಅದೇ ಅಳತೆಯದೊಂದು ಇದೆಯೆಂದು ಸುದ್ದಿ ಸಿಕ್ಕಿತ್ತು. ಮರ ಬಲ್ಲವರು ಜೊತೆಗಿರಲಿ ಎಂದು ಮಮತಾರನ್ನೂ ಕರೆದೊಯ್ದ.

ತಾಜ್ ಪಾಷಾ ಮುಚ್ಚುಮರೆ ಮಾಡಲಿಲ್ಲ. "ನೋಡಕ್ಕಾ, ಯಾವ ವಿಮಾನದ್ದೋ, ಎಷ್ಟು ಹಾರೈತೋ, ಎಲ್ಲಿ ಬಿದ್ದಿತ್ತೋ, ನಂಗೊತ್ತಿಲ್ಲ. ಕಾಗದ ಪತ್ರ ಒಂದೂ ಇಲ್ಲ. ಶೋಕೇಸಿಗೆ ಇಡ್ತೀರಾ, ತಗೊಂಡೋಗಿ. ಹಾರ್ಸ್ತೀರಾ, ನನ್ನ ಕೇಳ್ಬೇಡಿ." ಮೇಲ್ನೋಟಕ್ಕೆ ಒಂದು ಗೀರೂ ಇರಲಿಲ್ಲ. ಶಶಾಂಕ್ ಕೊಂಡೇಬಿಟ್ಟ. ಬರುವ ಭಾನುವಾರ ಹೆಂಡತಿ ನೇತ್ರಾಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಹಾರಬೇಕೆಂದು ಅವನ ಆಸೆ. ಮಮತಾ ಒಂದು ಕೋಟು ಬಣ್ಣ ಹೊಡೆದುಕೊಟ್ಟರೆ ಸಾಕಿತ್ತು.

ಮಮತಾ ಬಣ್ಣದ ಡಬ್ಬಿ ಮುಟ್ಟಲಿಲ್ಲ. ಅಲಗನ್ನು ಬುಡದಿಂದ ತುದಿಯವರೆಗೆ ಬೆರಳಲ್ಲಿ ತಟ್ಟಿದರು. ಒಂದು ಕಡೆ ಸದ್ದು ಮಂಕಾಯಿತು. ಗಂಗಹನುಮಯ್ಯನವರೂ ಕಿವಿಗೊಟ್ಟು ತಟ್ಟಿ ತಲೆಯಾಡಿಸಿದರು: "ಒಳಗೆ ಏನೋ ಐತೆ ಕಣವ್ವ. ಮರ ದನಿ ಕೊಡ್ತಿಲ್ಲ."

"ಅಕ್ಕಾ, ಹಳೇ ಮರ ಅಲ್ವಾ, ಹಂಗೇ ಇರ್ತದೆ. ಬಣ್ಣ ಹೊಡೀರಿ," ಎಂದ ಶಶಾಂಕ್.

"ಬಣ್ಣ ಹೊಡುದ್ರೆ ಹೊಸದಂಗೆ ಕಾಣ್ತದೆ ಕಣಪ್ಪ, ಅದೇ ನನ್ ಭಯ. ಹೆಣ್ಣು ತರಕ್ಕೆ ಮುಂಚೆ ಕುಲ ಗೋತ್ರ ಕೇಳ್ತೀವಿ. ಇದ್ರ ಹಿಂದು ಮುಂದು ಗೊತ್ತಿಲ್ದೆ ಹೆಂಡ್ತೀನ ಕೂರುಸ್ಕೊಂಡು ಮೋಡಕ್ಕೆ ಹೋಯ್ತೀಯಾ? ಕುಯ್ದು ನೋಡಾನ. ಕೆಟ್ಟಿದ್ರೂ ಸರಿ, ನೆಟ್ಟಗಿದ್ರೂ ಸರಿ, ಹೊಸದು ನಾನು ಮಾಡ್ಕೊಡ್ತೀನಿ."

ಶಶಾಂಕನ ಮುಖ ಕೆಂಪಾಯಿತು. ಎದ್ದು ಬಾಗಿಲವರೆಗೆ ಹೋದವನು ತಿರುಗಿ ಬಂದು, ಅಲಗಿನ ಇನ್ನೊಂದು ತುದಿಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಂಡ. ಗರಗಸ ಇಳಿಯಿತು. ಒಳಗೆ ಉದ್ದಕ್ಕೂ ಬಿರುಕು. ಯಾರೋ ಹಿಂದೆ ಪುಟ್ಟಿ ತುಂಬಿ, ಮೇಲೆ ವಾರ್ನಿಷ್ ಬಳಿದಿದ್ದರು. ಶಶಾಂಕ್ ಬಿರುಕಿನ ಉದ್ದಕ್ಕೂ ಉಗುರಾಡಿಸಿ ನೋಡಿದ. ಆಮೇಲೆ, "ಯಾವಾಗ ಶುರು ಮಾಡಾನ ಅಕ್ಕಾ?" ಎಂದ.

ಬೊಂಬೆಗೆ ಬಳಸುವ ಆಲೆಮರ ಈ ಕೆಲಸಕ್ಕೆ ಮೆದು. ಶಶಾಂಕ್ ಬೀಚ್ ಎಂಬ ಗಟ್ಟಿ ಮರದ ಹಲಗೆ ತಂದ, ಮುರಿದ ತನ್ನ ಪ್ರೊಪೆಲ್ಲರಿನ ಅಳತೆ ತೆಗೆದುಕೊಟ್ಟ. ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಒಣಗಿಸಿ, ಉಳಿ ಮತ್ತು ಉಜ್ಜುಗೊರಡಿನಲ್ಲಿ ಮಮತಾ ಅಲಗಿನ ತಿರುವು ಇಳಿಸಿದರು. ಮೊದಲಿನದರ ಅಂಟು ಬಿಟ್ಟಿತು. ಎರಡನೆಯದರ ಅಲಗುಗಳ ತಿರುವು ಒಂದಕ್ಕೊಂದು ಹೊಂದಲಿಲ್ಲ. ಎರಡೂ ಒಲೆ ಸೇರಿದವು. ಆಡಿಕೊಳ್ಳುವವರ ಬಾಯಿಗೆ ಆಹಾರ ಸಿಕ್ಕಿತು. ಮೂರನೆಯದು ಸರಳಿನ ಮೇಲೆ ತಟಸ್ಥವಾಗಿ ನಿಂತಾಗ ಗಂಗಹನುಮಯ್ಯ ತಟ್ಟಿ ನೋಡಿ, "ಗಂಟೆ ಕಣವ್ವ, ಗಂಟೆ!" ಎಂದು ಕೂಗಿದರಂತೆ.

ಬಯಲಿನಲ್ಲಿ ವಿಮಾನವನ್ನು ಹಗ್ಗ ಬಿಗಿದು ಕಟ್ಟಿ, ಎಲ್ಲರೂ ದೂರ ನಿಂತು, ಎಂಜಿನ್ನನ್ನು ಪೂರ್ತಿ ವೇಗಕ್ಕೆ ಓಡಿಸಿದರು. ಹುಲ್ಲು ಮಲಗಿತು, ಧೂಳೆದ್ದಿತು, ತಿರುಗುವ ಪ್ರೊಪೆಲ್ಲರ್ ಒಂದಿಷ್ಟೂ ಅದುರಲಿಲ್ಲ. ಶಶಾಂಕ್ ಹಲವು ಭಾನುವಾರ ಒಬ್ಬನೇ ಹಾರಿದ. ಪ್ರತಿ ಸಲ ಇಳಿದ ಮೇಲೂ ಮಮತಾ ಅಲಗು ತಟ್ಟಿ ನೋಡಿದರು. ಕೊನೆಗೆ ನೇತ್ರಾ ಹೆಲ್ಮೆಟ್ ಹಾಕಿಕೊಂಡು ಬಂದಾಗ ಮಮತಾ ಅಡ್ಡ ನಿಂತರು.

"ಮೊದ್ಲು ನಾನು ಕೂತ್ಕೋತೀನಿ. ನಾ ಮಾಡಿದ್ನ ನಾನೇ ನಂಬ್ದಿದ್ರೆ ಹೆಂಗೆ?"

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ತಲೆ ತಿರುಗುವ ಹೆಂಗಸು ಸೆರಗು ಬಿಗಿದು ಹತ್ತಿ ಕೂತರು. ನೆಲ ಬಿಟ್ಟದ್ದು ಗೊತ್ತೇ ಆಗಲಿಲ್ಲವಂತೆ. ಕೆಳಗೆ ರಾಗಿ ಹೊಲ, ಹಿಪ್ಪುನೇರಳೆ ತೋಟ, ದೂರದಲ್ಲಿ ಸಾವನದುರ್ಗದ ಬೋಳುತಲೆ. ಇಳಿದಾಗ ಕಣ್ಣಲ್ಲಿ ನೀರು, ಬಾಯಿತುಂಬ ನಗು. ನೇತ್ರಾ ಓಡಿಬಂದು ತಬ್ಬಿಕೊಂಡಳು.

ಈಗ ಅದೇ ಬಯಲಿನ ಇನ್ನಿಬ್ಬರು ಹಾರಾಟಗಾರರು ಇವರ ಬಾಗಿಲಿಗೆ ಬಂದಿದ್ದಾರೆ. ಲೇತಿನ ಮೇಲೆ ಬುಗುರಿಗಳೂ ತಿರುಗುತ್ತಿವೆ. ಮುಂದಿನ ಆಸೆ ಏನೆಂದು ಕೇಳಿದರೆ ಮಮತಾ ಅಲಗಿನ ತುದಿಗೆ ಹಳದಿ ಬಳಿಯುತ್ತಲೇ ನಗುತ್ತಾರೆ.

"ನಮ್ಮೋಣಿ ಮೇಲೆ ಒಂದ್ಸಲ ಹಾರ್ಕೊಂಡ್ ಬಾರಪ್ಪ ಅಂತ ಶಶಾಂಕಂಗೆ ಹೇಳಿವ್ನಿ. ತಿರುಗೋವಾಗ ಇದು ಯಾರ್ ಕಣ್ಗೂ ಕಾಣಕ್ಕಿಲ್ಲ, ಗೊತ್ತು. ಸದ್ದು ಕೇಳ್ತದಲ್ಲ, ಸಾಕು."