ಕಾರ್ಬುರೇಟರಿನ ಗಂಟಲಲ್ಲಿ ಕಸಬರಿಗೆ ಕಡ್ಡಿ

ಮನೆಗೆ ಬೀಗ ಹಾಕಿ ಓಣಿಯ ತುದಿ ಮುಟ್ಟಿದ ಮೇಲೆ, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ಜಗ್ಗಿ ನೋಡುವವನು ನಾನು. ಗ್ಯಾಸ್ ಬಂದ್ ಮಾಡಿದ್ದೇನೆಂದು ಹೆಂಡತಿ ಆಣೆ ಮಾಡಿ ಹೇಳಿದರೂ ಒಮ್ಮೆ ಮೂಸಿ ನೋಡುತ್ತೇನೆ. ಇಂಥವನಿಗೂ ಒಂದು ಕೆಲಸದಲ್ಲಿ ಮಾತ್ರ ಎಳ್ಳಷ್ಟೂ ಅಳುಕಿಲ್ಲ: ಕಾರ್ಬುರೇಟರಿನೊಳಗೆ ಸಿಕ್ಕಿಕೊಂಡದ್ದನ್ನು, ಮುರಿದದ್ದನ್ನು ಹೊರಗೆ ತೆಗೆಯುವುದು.

ಗಟ್ಟಿ ಮನಸ್ಸಿನವರು ಈ ಕೆಲಸಕ್ಕೆ ಬರುವುದಿಲ್ಲ. ಅವರು ತಿರುವುತ್ತಾರೆ, ತಿರುಗದಿದ್ದರೆ ಇನ್ನೂ ಜೋರಾಗಿ ತಿರುವುತ್ತಾರೆ, ಕಟ್ ಎಂದ ಮೇಲೆ ಕಂಪನಿಯನ್ನು ಬೈಯುತ್ತಾರೆ. ಚಿಂತೆಯವನ ಕೈ ಕಟ್ ಎನ್ನುವುದಕ್ಕೆ ಕೂದಲೆಳೆಯಷ್ಟು ಮೊದಲೇ ನಿಲ್ಲುತ್ತದೆ. ಮುರಿದರೆ ಏನು ಗತಿ ಎಂಬುದನ್ನು ಅವನು ಆಗಲೇ ಕಣ್ಣಾರೆ ಕಂಡುಬಿಟ್ಟಿರುತ್ತಾನೆ.

ದೇವದುರ್ಗದ ಕಡೆ ನದಿ ದಂಡೆಯ ಊರಲ್ಲಿರುವ ನಮ್ಮಕ್ಕನಿಗೆ ಕೃಷ್ಣೆಯ ನಡುಗಡ್ಡೆಯಲ್ಲಿ ಗದ್ದೆ. ದಾಟಲು ಹಿಂಬದಿಗೆ ಪೆಟ್ರೋಲ್ ಮೋಟಾರು ಕಟ್ಟಿದ ಬೋಟು. ಹೋದ ವರ್ಷ ನಾಟಿಯ ಮುಂಜಾನೆಯೇ ಆ ಮೋಟಾರು ಕೆಮ್ಮಿ ನಿಂತಿತು. ಮಾನ್ವಿಯಲ್ಲಿ ಹುಡುಗರಿಗೆ ವಿಜ್ಞಾನ ಹೇಳುವ ನಾನು ಮರುದಿನ ರವಿವಾರವೆಂದು ಹಿಂದಿನ ಸಂಜೆಯೇ ಅಲ್ಲಿಗೆ ಹೋಗಿದ್ದೆ. ಕಿತ್ತ ಸಸಿಯ ಕಟ್ಟುಗಳು ದಂಡೆಯ ಮೇಲಿದ್ದವು, ಬಿಸಿಲೇರಿದರೆ ಬಾಡುತ್ತವೆ. ಹೆಣ್ಣಾಳುಗಳು ಕಾದು ಬೇಸತ್ತರೆ ಬೇರೆಯವರ ಗದ್ದೆಗೆ ಹೋಗುವವರು. ತುಂಬಿದ ಹೊಳೆಯ ಸೆಳೆತದಲ್ಲಿ ಹುಟ್ಟು ಹಾಕಿ ದಾಟುವ ಮಾತೇ ಇಲ್ಲ.

ನಾನು ಏಳುವಷ್ಟರಲ್ಲಿ ಅಕ್ಕನ ಗಂಡ, ಅಂದರೆ ನಮ್ಮ ಮಾವ, ಚಿಕಿತ್ಸೆ ಶುರುಮಾಡಿದ್ದರು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನೊಳಗೆ, ಪೆಟ್ರೋಲನ್ನು ಅಳೆದು ಬಿಡುವ ಪುಟ್ಟ ಹಿತ್ತಾಳೆ ತಿರುಪಿಗೆ ಜೆಟ್ ಎನ್ನುತ್ತಾರೆ. ಅದರ ತೂತಿನಲ್ಲಿ ಕಸ ಕೂತಿದೆಯೆಂದು ಅವರು ಕಸಬರಿಗೆ ಕಡ್ಡಿಯಿಂದ ತಿವಿದಿದ್ದರು. ಕಸಕ್ಕೆ ಕಸಬರಿಗೆ, ತರ್ಕದಲ್ಲಿ ತಪ್ಪಿಲ್ಲ. ಕಡ್ಡಿ ಒಳಗೇ ಮುರಿದಿತ್ತು. ಜೆಟ್ಟನ್ನು ಬಿಚ್ಚಲು ಹೋಗಿ ಅದರ ತಲೆಯ ಗೀರನ್ನೂ ಸವೆಸಿದ್ದರು. ಹೊಸದು ರಾಯಚೂರಿನಲ್ಲೂ ಸಿಗದು, ಇಂಥ ಬೋಟುಗಳು ಹೆಚ್ಚಿರುವ ಸಮುದ್ರದ ಕಡೆಯಿಂದ ಬರಬೇಕು.

"ಸ್ಟೋವಿಗೂ ಹಿಂಗ ಮಾಡತಿದ್ನಿ, ಸರಿಹೋಗತಿತ್ತು," ಎಂದರು ಮಾವ.

"ಆ ಸ್ಟೋವು ಸತ್ತದ್ದೂ ನಿಮ್ಮ ಕೈಯಾಗನ," ಎಂದಳು ಅಕ್ಕ.

ಕಾರ್ಬುರೇಟರನ್ನು ಕಳಚಿ, ಪೆಟ್ರೋಲ್ ಪೂರಾ ಚೆಲ್ಲಿ ಒಣಗಿಸಿದೆ. ಗೀರನ್ನು ಗರಗಸದ ಬ್ಲೇಡಿನಿಂದ ಮೆಲ್ಲಗೆ ಆಳ ಮಾಡಿದೆ. ದೂರದಲ್ಲಿ ಹೆಣ್ಣಾಳುಗಳು ಚಹಾಕ್ಕೆ ನೀರಿಟ್ಟಿದ್ದರು. ಪುಡಿ ಹಾಕುವ ಮೊದಲು ಆ ನೀರು ಕೊಡಿರೆಂದೆ.

"ಯಾಕೋ ಯಪ್ಪಾ, ಮಿಷಿನಿಗೂ ನೆಗಡಿ ಆಗೇದೇನು?" ಎಂದಳು ಒಬ್ಬ ಮುದುಕಿ.

ಕಾರ್ಬುರೇಟರಿನ ಮೈ ಅಲ್ಯುಮಿನಿಯಂ, ಜೆಟ್ಟು ಹಿತ್ತಾಳೆ. ಬಿಸಿಗೆ ಅಲ್ಯುಮಿನಿಯಂ ಹೆಚ್ಚು ಹಿಗ್ಗುತ್ತದೆ, ಹಿಡಿತ ಸಡಿಲುತ್ತದೆ. ತರಗತಿಯಲ್ಲಿ ಇದನ್ನು ಹೇಳಿದರೆ ಹುಡುಗರು ಆಕಳಿಸುತ್ತಾರೆ. ದಂಡೆಯ ಮೇಲೆ ಯಾರೂ ಆಕಳಿಸಲಿಲ್ಲ. ಕುದಿನೀರು ಸುರಿದು, ಅಳತೆಗೆ ಸರಿಯಾದ ಸ್ಕ್ರೂಡ್ರೈವರ್ ಇಟ್ಟು, ಒತ್ತಿ ಹಿಡಿದು ಸುಮ್ಮನೆ ಕೂತೆ.

"ಲೇ ತಮ್ಮಾ, ಬಿಚ್ಚಾಕತ್ತೀಯೋ, ಧ್ಯಾನ ಮಾಡಾಕತ್ತೀಯೋ? ಸಸಿ ಬಾಡಾಕತ್ಯಾವ," ಎಂದಳು ಅಕ್ಕ.

ಮೊದಲು ಬಿಗಿಯುವ ಕಡೆಗೆ ಒಂಚೂರು, ಆಮೇಲೆ ಬಿಚ್ಚುವ ಕಡೆಗೆ. ಜೆಟ್ಟು ಹಲ್ಲು ಕಿರಿದು, ತಿರುಗಿ, ಅಂಗೈಗೆ ಬಂತು. ವೈರಿನ ತಾಮ್ರದ ಎಳೆಯೊಂದನ್ನು ಹಿಂಬದಿಯಿಂದ ತೂರಿಸಿ ಕಡ್ಡಿಯನ್ನು ಬಂದ ದಾರಿಯಲ್ಲೇ ಹೊರದಬ್ಬಿದೆ. ತಾಮ್ರ ಮೆತ್ತಗಿನದು, ತೂತಿಗೆ ಗಾಯ ಮಾಡದು. ಎಲ್ಲವನ್ನೂ ಕೂಡಿಸಿ ಹಗ್ಗ ಎಳೆದರೆ ಮೋಟಾರು ಚಾಲೂ.

ಹೊಗಳಿಕೆಗೆ ಕಾಯುತ್ತಿದ್ದೆ. "ನೀನೂ ಹತ್ತು," ಎಂದಳು ಅಕ್ಕ. "ನಡುನೀರಾಗ ನಿಂತರ ನಿನ್ನ ಎಲ್ಲಿ ಹುಡುಕ್ಲಿ?"

ಸಸಿಯ ಕಟ್ಟುಗಳ ನಡುವೆ ಕೂತು, ದಾಟುವಷ್ಟು ಹೊತ್ತೂ ಮೋಟಾರಿನ ಸದ್ದನ್ನೇ ಆಲಿಸಿದೆ. ಹೆಂಗಸರು ಯಾರದೋ ಮದುವೆಯ ಮಾತಿನಲ್ಲಿದ್ದರು. ನಡುಗಡ್ಡೆ ಮುಟ್ಟಿದ ಕೂಡಲೇ ಅಕ್ಕ ಮೋಟಾರು ಬಂದ್ ಮಾಡಿದಳು.

"ಬಂದ್ ಯಾಕ ಮಾಡಿದಿ? ಮತ್ತ ಚಾಲೂ ಆಗದಿದ್ರ?" ಎಂದೆ.

"ನೀ ಅದೀಯಲ್ಲ," ಎಂದವಳೇ ಸೀರೆ ಎತ್ತಿಕಟ್ಟಿ ಕೆಸರಿಗಿಳಿದಳು.

ನನ್ನ ಚಿಂತೆ ಯಾರಿಗೂ ಉಪಯೋಗವಿಲ್ಲವೆಂದು ಇಷ್ಟು ವರ್ಷ ತಿಳಿದಿದ್ದೆ. ಅದನ್ನು ನಂಬಿ ಒಬ್ಬಳು ಇಷ್ಟು ನಿಶ್ಚಿಂತೆಯಿಂದ ನಾಟಿ ಮಾಡಬಲ್ಲಳು ಎಂಬುದು ಹೊಸ ವಿಷಯ. ಸ್ಕ್ರೂಡ್ರೈವರನ್ನು ಜೇಬಿನಲ್ಲೇ ಇಟ್ಟುಕೊಂಡು, ಪ್ಯಾಂಟು ಮಡಚಿ, ನಾನೂ ಒಂದು ಕಟ್ಟು ಸಸಿ ಎತ್ತಿಕೊಂಡೆ.