ಅಕ್ಕ ಕೊಟ್ಟ ತಲೆ

ಕೂದಲಿಗೆ ಬಣ್ಣ ಹಾಕುವ ಕೆಲಸ ಕಲಿಯುತ್ತೇನೆಂದು ಪುಟ್ಟಿ ಹೊರಟಾಗ, ಅವಳ ಕೈಗೆ ತಲೆ ಕೊಡಲು ಮನೆಯಲ್ಲಿ ಒಪ್ಪಿದ್ದು ಅಕ್ಕ ಒಬ್ಬಳೇ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಬಂದವಳು, ಹಳೆಯ ಟವೆಲು ಹೊದ್ದು ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಿದ್ದಳು. "ಹೂಂ, ಶುರು ಮಾಡು. ಕಣ್ಣಿಗೆ ಮಾತ್ರ ಬೀಳಿಸಬೇಡ ಮಾರಾಯ್ತಿ."

ಸೊಂಟ ಮುಟ್ಟುವ ಕೂದಲು ಅಕ್ಕನದು. ಒಮ್ಮೆ ಕಂದು ಬಣ್ಣ ಸರಿಯಾಗಿ ಹಿಡಿಯಲಿಲ್ಲವೆಂದು ಪುಟ್ಟಿ ಅದರ ಮೇಲೆಯೇ, ಬುಡದಿಂದ ತುದಿಯವರೆಗೆ, ಇನ್ನೊಂದು ಸಲ ಬಳಿದಳು. ತೊಳೆಯುವುದಕ್ಕೂ ತಡಮಾಡಿದಳು. ಬಣ್ಣವೇನೋ ಬಂತು. ಮರುದಿನ ಬಾಚಣಿಗೆ ಹಾಕಿದರೆ ಕೂದಲು ತುಂಡುತುಂಡಾಗಿ ಕೈಗೆ ಬಂತು, ಉಳಿದದ್ದು ಒಣಹುಲ್ಲು.

ಪುಟ್ಟಿ ಆ ತುಂಡುಗಳನ್ನು ಹಿಡಿದುಕೊಂಡೇ ಕೆಲಸ ಕಲಿಸುವ ಮೇಡಂ ಬಳಿಗೆ ಓಡಿದಳು.

"ಕೂದಲ ಮೇಲೆ ಹೆಂಚು ಹೊದಿಸಿದ ಹಾಗೆ ಪದರ ಇರುತ್ತೆ," ಎಂದರು ಮೇಡಂ. "ಬಣ್ಣದಲ್ಲಿರೋ ಅಮೋನಿಯಾ ಆ ಹೆಂಚು ಎಬ್ಬಿಸುತ್ತೆ. ಪೆರಾಕ್ಸೈಡು ಒಳಗಿನ ಹುಟ್ಟುಬಣ್ಣ ತೆಗೆಯುತ್ತೆ. ಹೊಸ ಬಣ್ಣದ ಕಣಗಳು ಸಣ್ಣದಾಗಿ ಒಳಗೆ ಹೋಗಿ, ಅಲ್ಲೇ ಒಂದಕ್ಕೊಂದು ಕೂಡಿ ದೊಡ್ಡದಾಗ್ತವೆ. ಆಮೇಲೆ ಹೊರಗೆ ಬರೋಕಾಗಲ್ಲ, ಅದಕ್ಕೇ ತೊಳೆದರೂ ಹೋಗಲ್ಲ. ಆದರೆ ಎದ್ದ ಹೆಂಚು ಮೊದಲಿನ ಹಾಗೆ ಕೂರಲ್ಲ. ನೀನು ಮತ್ತೆ ಮತ್ತೆ ಎಬ್ಬಿಸಿದೀಯ, ಒಳಗಿನ ಗಟ್ಟಿತನಾನೂ ಹೋಯ್ತು."

"ಏನಾದ್ರೂ ಹಚ್ಚಿದ್ರೆ ಸರಿಹೋಗುತ್ತಾ ಮೇಡಂ?"

"ನುಣುಪಾಗಿ ಕಾಣುತ್ತೆ, ಅಷ್ಟೆ. ಗಾಯದ ಹಾಗೆ ಮಾಯೋಕೆ ಕೂದಲಿಗೆ ಜೀವ ಎಲ್ಲಿದೆ? ಕತ್ತರಿಸು. ಬುಡದಿಂದ ಹೊಸದು ಬರುತ್ತೆ."

ಮನೆಗೆ ಬಂದು ಕತ್ತರಿ ಹಿಡಿದರೆ ಪುಟ್ಟಿಯ ಕೈ ಏಳಲಿಲ್ಲ. ಅಕ್ಕ ಕನ್ನಡಿಯಲ್ಲೇ ಅವಳ ಮುಖ ನೋಡಿದಳು.

"ಅಳೋದು ಆಮೇಲೆ ಅಳು, ಮೊದಲು ಕತ್ತರಿಸು. ತಪ್ಪು ಮಾಡೋದಿದ್ರೆ ನನ್ನ ತಲೆ ಮೇಲೇ ಮಾಡು. ಊರವರ ತಲೆ ಮೇಲೆ ಬೇಡ."

ಬಟ್ಟೆ ಅಂಗಡಿಯಲ್ಲಿ ಅಕ್ಕನ ಗಿಡ್ಡ ಕೂದಲು ನೋಡಿ ನಾಲ್ಕು ಜನ ನಾಲ್ಕು ಮಾತಾಡಿದರು. "ಬೇಸಿಗೆ ಅಲ್ವಾ, ತಂಪಾಗಿದೆ," ಎಂದು ಅಕ್ಕ ತೇಲಿಸಿಬಿಟ್ಟಳು. ತಂಗಿಯ ಸುದ್ದಿ ಎತ್ತಲಿಲ್ಲ. ಕೂದಲು ಕಿವಿ ದಾಟಿದ್ದೇ ತಡ, ಕರೆಯದೆಯೇ ಬಂದು ಮತ್ತೆ ಕೂತಳು. ಆ ಸಲ ಪುಟ್ಟಿ ಹೊಸದಾಗಿ ಬೆಳೆದ ಬುಡಕ್ಕಷ್ಟೇ ಹಚ್ಚಿದಳು, ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ.

ಈಗ ಪುಟ್ಟಿಯದೇ ಪಾರ್ಲರ್ ಇದೆ. ಬಣ್ಣದ ಮೇಲೆ ಬಣ್ಣ ಕೇಳುವವರಿಗೆ ಸ್ವಲ್ಪ ದಿನ ತಡೆಯಿರಿ ಎನ್ನುತ್ತಾಳೆ. ಮುನಿಸಿಕೊಂಡು ಎದ್ದುಹೋಗುವವರನ್ನು ತಡೆಯುವುದಿಲ್ಲ. ಅಕ್ಕನಿಗೆ ಅರ್ಧ ತಲೆ ನೆರೆತಿದೆ. ಬಣ್ಣ ಬೇಡವೆನ್ನುತ್ತಾಳೆ. ಭಾನುವಾರ ಪಾರ್ಲರ್ ಖಾಲಿಯಾದ ಮೇಲೆ ಪುಟ್ಟಿ ಅವಳನ್ನು ಕರೆಸಿ, ಉಗುರುಬೆಚ್ಚಗಿನ ನೀರಿನಲ್ಲಿ ನಿಧಾನವಾಗಿ ತಲೆ ತೊಳೆಯುತ್ತಾಳೆ. ನಿನ್ನಿಂದಲೇ ಇದೆಲ್ಲ ಎಂದು ಹೇಳಲು ಪ್ರತಿ ಸಲವೂ ಬಾಯಿ ತೆರೆಯುತ್ತಾಳೆ. ಅಷ್ಟರಲ್ಲಿ ಅಕ್ಕ ಕೂತಲ್ಲೇ ನಿದ್ದೆ ಹೋಗಿರುತ್ತಾಳೆ.